ಮೊಣಕಾಲಿನ ಸ್ಕ್ಯಾನ್ ಮತ್ತು ಯಾರೂ ಓದದ ಹಾಳೆ

ಕಳೆದ ಮಳೆಗಾಲದಲ್ಲಿ ರಸ್ತೆ ಅಪಘಾತದ ಕಡತವನ್ನು ಹಿಡಿದು ನನ್ನ ಕಚೇರಿಗೆ ಬಂದ ತಾಯಿಯೊಬ್ಬರು ಪರಿಹಾರದ ಮೊತ್ತವನ್ನು ವಿಚಾರಿಸಲಿಲ್ಲ. "ವಕೀಲರೇ, ಮಗಳ ಮೊಣಕಾಲಿಗೆ ಇನ್ನೊಮ್ಮೆ ಸಿ.ಟಿ. ಸ್ಕ್ಯಾನ್ ಮಾಡಬೇಕಂತೆ. ಮದುವೆಯಾಗಬೇಕಾದವಳು. ನಾಳೆ ಹುಟ್ಟುವ ಮಕ್ಕಳಿಗೆ ಆ ಕಿರಣದಿಂದ ತೊಂದರೆಯಾಗಲಿಕ್ಕಿಲ್ಲವೇ?" ಎಂದು ಕೇಳಿದರು. ಈ ಅಂಜಿಕೆಯಲ್ಲೇ ಹತ್ತು ದಿನಗಳು ಕಳೆದಿದ್ದವು. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿತ್ತು.

ಕಡತದಲ್ಲಿ ಮೊದಲ ಸ್ಕ್ಯಾನಿನ ವಿಕಿರಣ ಪ್ರಮಾಣವನ್ನು ತೋರಿಸುವ ಹಾಳೆಯಿತ್ತು. ಅದನ್ನು ಯಾರೂ ಅವರಿಗೆ ಓದಿ ಹೇಳಿರಲಿಲ್ಲ.

ಆ ಹಾಳೆಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಸಿ.ಟಿ.ಡಿ.ಐ. ಎಂಬುದು ವಿಕಿರಣದ ತೀವ್ರತೆಯನ್ನು ಮಿಲಿಗ್ರೇ ಮಾನದಲ್ಲಿ ಸೂಚಿಸುತ್ತದೆ. ಅದನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದರೆ ಡಿ.ಎಲ್.ಪಿ. ದೊರೆಯುತ್ತದೆ. ಇವೆರಡೂ ರೋಗಿಯ ದೇಹದಲ್ಲಿ ಅಳೆದವುಗಳಲ್ಲ. ಅಕ್ರಿಲಿಕ್ಕಿನ ಉರುಟು ದಿಂಡಿನಲ್ಲಿ ಅಳೆದುದನ್ನು ಆಧರಿಸಿದ ಲೆಕ್ಕ. ದಿಂಡುಗಳಲ್ಲಿ ಎರಡು ಬಗೆ: ತಲೆಗೆ 16 ಸೆಂ.ಮೀ., ಮುಂಡಕ್ಕೆ 32 ಸೆಂ.ಮೀ. ವ್ಯಾಸ. ಕಾಲಿಗೆಂದೇ ಪ್ರತ್ಯೇಕ ದಿಂಡಿಲ್ಲ. ಒಂದೇ ಸ್ಕ್ಯಾನನ್ನು ಚಿಕ್ಕ ದಿಂಡಿನ ಆಧಾರದಲ್ಲಿ ಲೆಕ್ಕ ಹಾಕಿದರೆ ದೊಡ್ಡದರಲ್ಲಿ ಬರುವುದರ ಸುಮಾರು ಇಮ್ಮಡಿ ಬರುತ್ತದೆ. ಆಧಾರಪತ್ರದಲ್ಲಿ ಬರಿದೇ 40 ಎಂದಿದ್ದು, ಸೆಂಟ್ಸೋ ಎಕರೆಯೋ ಎಂದಿಲ್ಲದಿದ್ದರೆ ನಾವು ಒಪ್ಪುತ್ತೇವೆಯೆ? ಇಲ್ಲಿಯೂ ದಿಂಡು ಯಾವುದೆಂದು ಕೇಳಬೇಕು.

ಇನ್ನು ಅಪಾಯದ ಮಾತು. ವಿಕಿರಣ ಎಷ್ಟು ಎಂಬುದರ ಜೊತೆಗೆ ಯಾವ ಅಂಗಕ್ಕೆ ಎಂಬುದೂ ಮುಖ್ಯ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು 2007ರಲ್ಲಿ ಶ್ವಾಸಕೋಶ, ಸ್ತನ, ಜಠರ, ದೊಡ್ಡ ಕರುಳು ಮತ್ತು ಕೆಂಪು ಅಸ್ಥಿಮಜ್ಜೆಗಳಿಗೆ ತಲಾ 0.12 ತೂಕವನ್ನು ಕೊಟ್ಟಿತು. ಚರ್ಮಕ್ಕೂ ಎಲುಬಿನ ಮೇಲ್ಪದರಕ್ಕೂ ತಲಾ 0.01 ಮಾತ್ರ. ವಯಸ್ಕರ ಮೊಣಕಾಲಿನ ಬಳಿ ಹೆಚ್ಚು ತೂಕದ ಅಂಗಗಳಿಲ್ಲ. 2009ರಲ್ಲಿ ಅಮೆರಿಕದ ಮೂಳೆ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಂತೆ ಸರಾಸರಿ ಪರಿಣಾಮಕ ಪ್ರಮಾಣವು ಸೊಂಟದ ಕೀಲಿಗೆ 3.09, ಮೊಣಕಾಲಿಗೆ 0.16, ಪಾದದ ಗಂಟಿಗೆ 0.07 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷಕ್ಕೆ ತಗಲುವ ವಿಕಿರಣದ ಜಾಗತಿಕ ಸರಾಸರಿ 2.4. ಎಂದರೆ ಮೊಣಕಾಲಿನ ಒಂದು ಸ್ಕ್ಯಾನ್ ಸುಮಾರು 24 ದಿನಗಳ ಸಹಜ ವಿಕಿರಣಕ್ಕೆ ಸಮ. ಅಂಡಾಶಯವಂತೂ ಅದರ ನೇರ ಕಿರಣದ ಹಾದಿಯಲ್ಲೇ ಇರುವುದಿಲ್ಲ.

ಆದರೆ "ಕಾಲಿನ ಸ್ಕ್ಯಾನ್" ಎಂಬ ಮಾತಿಗೆ ಮರುಳಾಗಬಾರದು. ಸೊಂಟದ ಕೀಲಿನ ಸ್ಕ್ಯಾನಿನಲ್ಲಿ ಕಿಬ್ಬೊಟ್ಟೆಯ ಅಂಗಗಳೂ ಸೇರುತ್ತವೆ; ಕಾಲಿನ ರಕ್ತನಾಳಗಳ ಸಿ.ಟಿ. ಪರೀಕ್ಷೆಯು ಸಾಮಾನ್ಯವಾಗಿ ಹೊಟ್ಟೆಯಿಂದಲೇ ಆರಂಭವಾಗುತ್ತದೆ. ಅಲ್ಲದೆ, ಪರಿಣಾಮಕ ಪ್ರಮಾಣವು ಸರಾಸರಿ ದೇಹಕ್ಕೆ ಹಾಕಿದ ಅಂದಾಜು. ಇಂಥವರಿಗೆ ಇಂಥ ಹಾನಿಯಾಯಿತು ಎಂಬುದಕ್ಕೆ ಅದೊಂದೇ ಸಾಕ್ಷ್ಯವಾಗದು.

ರೋಗಿಗೆ ಸಾಕಷ್ಟು ಮಾಹಿತಿಯನ್ನು ಕೊಟ್ಟು ಪಡೆದ ಸಮ್ಮತಿಯೇ ನಿಜವಾದ ಸಮ್ಮತಿ ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಹೇಳಿತು. ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಒದಗಿಸಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ವಿಧಿಸಿದೆ. ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ: ಆ ಹುಡುಗಿಯ ಮುಂದಿಟ್ಟ ಸಮ್ಮತಿಪತ್ರ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು, ಆಕೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ.

ಮರುದಿನ ಅವರು ಆಸ್ಪತ್ರೆಗೆ ಹೋಗಿ ವೈದ್ಯರಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದರು: ಸ್ಕ್ಯಾನ್ ಎಲ್ಲಿಂದ ಎಲ್ಲಿಯ ತನಕ? ಡಿ.ಎಲ್.ಪಿ. ಎಷ್ಟು, ಯಾವ ದಿಂಡಿನ ಲೆಕ್ಕ? ಈ ಸ್ಕ್ಯಾನಿನಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ವೈದ್ಯರು ತಾಳ್ಮೆಯಿಂದ ಉತ್ತರಿಸಿದರು. ಮಗಳು ತಾನೇ ರುಜು ಹಾಕಿದಳು. ಸ್ಕ್ಯಾನ್ ಅಂದೇ ಮುಗಿಯಿತು.