ಹರಿಯಬೇಕಾದ ಜ್ಞಾನ, ಕಟ್ಟಿಹಾಕಿದ ಕಾಲು

ಸಂಶೋಧನೆಗೆ ಹಾಕಿದ ಹಣದ ಫಲವು ಹಣ ಹಾಕಿದ ಸಂಸ್ಥೆಯ ಗೋಡೆಗಳೊಳಗೇ ಉಳಿಯುವುದಿಲ್ಲ. ಅದು ನೆರೆಯ ಸಂಸ್ಥೆಗಳಿಗೂ ಹರಿದು ಅವುಗಳ ಉತ್ಪಾದಕತೆಯನ್ನು ಹೆಚ್ಚಿಸುತ್ತದೆ. ಒಂದೇ ಕಸುಬಿನವರು ಒಂದೆಡೆ ನೆಲೆಸಿದಾಗ ಪರಸ್ಪರ ಕಲಿಯುತ್ತಾರೆಂಬುದನ್ನು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿಯೇ ಗುರುತಿಸಿದ್ದರು. ಆದರೆ ಜ್ಞಾನವನ್ನು ಹೊತ್ತು ನಡೆಯುವವರು ಮನುಷ್ಯರು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿಗಳಲ್ಲಿ ಪಳಗಿದ ಕೈಗಳು ಬೆಂಗಳೂರಿನ ಸಣ್ಣ ಕೈಗಾರಿಕೆಗಳನ್ನು ಬೆಳೆಸಿದ ಬಗೆಯನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಮಾತಲ್ಲ.

ಟೊರಾಂಟೊ ಮಹಾನಗರ ಪ್ರದೇಶದಲ್ಲಿ ಈ ಹರಿವು ಹಲವು ಬಾರಿ ದೂರದವರ ಪಾಲಾಗಿದೆ. ಟೊರಾಂಟೊ ವಿಶ್ವವಿದ್ಯಾಲಯದ ಜೆಫ್ರಿ ಹಿಂಟನ್ ಸಾರ್ವಜನಿಕ ಅನುದಾನದ ಆಸರೆಯಲ್ಲಿ ದಶಕಗಳ ಕಾಲ ನರಜಾಲಗಳ ಸಂಶೋಧನೆ ನಡೆಸಿದರು. 2012ರಲ್ಲಿ ಅವರೂ ಇಬ್ಬರು ಶಿಷ್ಯರೂ ಸಾಧಿಸಿದ ಯಶಸ್ಸು ಜಗತ್ತಿನ ಗಮನ ಸೆಳೆಯಿತು. ಮರುವರ್ಷವೇ ಅವರ ಪುಟ್ಟ ಕಂಪನಿಯನ್ನು ಗೂಗಲ್ ಕೊಂಡಿತು. ಪ್ರತಿಭೆಯನ್ನು ಇಲ್ಲಿಯೇ ಉಳಿಸಿಕೊಳ್ಳಲು ಸರ್ಕಾರಗಳ ನೆರವಿನಿಂದ ವೆಕ್ಟರ್ ಸಂಸ್ಥೆ ಹುಟ್ಟಿದ್ದು 2017ರಲ್ಲಿ. ಒಂದು ಕಾಲಕ್ಕೆ ಬ್ರಾಂಪ್ಟನ್‌ನಲ್ಲಿ ಮುಖ್ಯ ಕಚೇರಿ ಹೊಂದಿದ್ದ ನಾರ್ಟೆಲ್ 2009ರಲ್ಲಿ ದಿವಾಳಿಯಾಯಿತು. 2011ರಲ್ಲಿ ಅದರ ಸುಮಾರು 6,000 ಪೇಟೆಂಟುಗಳು 450 ಕೋಟಿ ಅಮೆರಿಕನ್ ಡಾಲರಿಗೆ ಆ್ಯಪಲ್, ಮೈಕ್ರೋಸಾಫ್ಟ್ ಮೊದಲಾದವರ ಕೂಟಕ್ಕೆ ಸೇರಿದವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಬೇರೆ ನಿದರ್ಶನ ಬೇಕಿಲ್ಲ.

ಕೆನಡಾ ತನ್ನ ಒಟ್ಟು ಉತ್ಪನ್ನದ ಶೇ. 2ಕ್ಕಿಂತ ಕಡಿಮೆ ಪಾಲನ್ನು ಸಂಶೋಧನೆಗೆ ವ್ಯಯಿಸುತ್ತದೆ. ಶ್ರೀಮಂತ ರಾಷ್ಟ್ರಗಳ ಸರಾಸರಿ ಇದಕ್ಕಿಂತ ಬಹಳ ಹೆಚ್ಚು. ಕಲಿತವನು ನೆರೆಯವನ ಬಳಿಗೆ ಹೋಗುವುದಾದರೆ ತಾನೇಕೆ ಖರ್ಚು ಮಾಡಬೇಕು ಎಂಬುದು ಉದ್ಯಮಿಯ ಅಳುಕು. ಆ ಅಳುಕನ್ನು ನೀಗಿಸಲೆಂದೇ ತೆರಿಗೆ ರಿಯಾಯಿತಿಯ ರೂಪದಲ್ಲಿ ಸಮಾಜವು ಖರ್ಚಿನ ಪಾಲು ಹೊರುತ್ತದೆ. ಖರ್ಚು ಹೊತ್ತ ಸಮಾಜಕ್ಕೆ ಜ್ಞಾನದ ಹರಿವಿನ ಮೇಲೆ ಹಕ್ಕಿದೆ.

ಕೆಲಸ ಬಿಟ್ಟವರು ಪ್ರತಿಸ್ಪರ್ಧಿಯ ಬಳಿ ದುಡಿಯಬಾರದೆಂಬ ಕರಾರುಗಳನ್ನು ಒಂಟಾರಿಯೊ 2021ರ ಅಕ್ಟೋಬರ್ 25ರಿಂದ ನಿಷೇಧಿಸಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಉನ್ನತ ಕಾರ್ಯನಿರ್ವಾಹಕರನ್ನು ಅದರಿಂದ ಹೊರಗಿಡಲಾಗಿದೆ. ಆದರೆ ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವ ಒಕ್ಕೂಟ ಸರ್ಕಾರದ ಕೆಲಸದ ಪರವಾನಗಿ ಇಂದಿಗೂ ಜಾರಿಯಲ್ಲಿದೆ. ಮಿಸಿಸಾಗದಲ್ಲಿ ಹಾಗೆ ದುಡಿಯುವ ವಲಸಿಗ ಇಂಜಿನಿಯರು ಎದುರು ಬೀದಿಯ ಸಂಸ್ಥೆಗೆ ಹೋಗಬೇಕಾದರೆ ಮೊದಲು ಹೊಸ ಅನುಮತಿ ಬೇಡಬೇಕು. ಕರಾರು ಕಿತ್ತ ಜಾಗದಲ್ಲಿ ವೀಸಾ ಬೇಲಿಯಾಗಿದೆ. ಸಂಬಳ ಕೇಳುವ, ಅನ್ಯಾಯವನ್ನು ಎದುರಿಸುವ ದನಿಯೂ ಆ ಬೇಲಿಯೊಳಗೆ ಅಡಗುತ್ತದೆ.

ಮಾಲೀಕನಿಗಲ್ಲದೆ ವೃತ್ತಿಗೆ ಸಲ್ಲುವ ಪರವಾನಗಿ ದೊರೆಯಲಿ. ಅದು ವಲಸಿಗರಿಗೆ ತೋರುವ ಔದಾರ್ಯವಲ್ಲ. ಈ ಪ್ರದೇಶದ ಉತ್ಪಾದಕತೆಗೆ ಬೇಕಾದ ಬಂಡವಾಳ.