ರಾಜಕುಮಾರನಿಗೆ ರಿಟೈರ್‌ಮೆಂಟ್ ಕೊಡಬಹುದಾ?

ಜನವರಿಯ ಒಂದು ಬೆಳಗ್ಗೆ ಆಫೀಸ್ ಕ್ಯಾಬ್ ಎಂದಿನಂತೆ ಸಿಲ್ಕ್ ಬೋರ್ಡ್ ಹತ್ತಿರ ನಿಂತಿತ್ತು. ಟೊರಾಂಟೊದಿಂದ ತಮ್ಮನ ಮೆಸೇಜ್ ಬಂತು. "ಅಕ್ಕಾ, ರಾಜಕುಮಾರ ಹೋದ."

ಎದೆ ಧಸಕ್ ಅಂತು. ನಮ್ಮ ದೊಡ್ಡಪ್ಪನ ಮಗನ ಹೆಸರೂ ರಾಜಕುಮಾರ! ಎರಡು ನಿಮಿಷ ಬಿಟ್ಟು ಲಿಂಕ್ ಬಂತು. ಹೋದದ್ದು ‘ಪ್ರಿನ್ಸ್ ಆಫ್ ಪರ್ಶಿಯಾ’. ಯೂಬಿಸಾಫ್ಟ್ ಕಂಪನಿ 2020ರಲ್ಲಿ ಘೋಷಿಸಿದ್ದ ‘ದಿ ಸ್ಯಾಂಡ್ಸ್ ಆಫ್ ಟೈಮ್’ ರೀಮೇಕನ್ನು, ಇನ್ನೂ ಐದು ಆಟಗಳ ಜೊತೆ ಕೈಬಿಟ್ಟಿತ್ತು. ಐದು ವರ್ಷದ ಮೇಲೆ ಕಾಯಿಸಿ, ಕೊನೆಗೆ ಇಲ್ಲ.

"ಒಂದು ಗೇಮ್ ಕ್ಯಾನ್ಸಲ್ ಆಗಿದ್ದಕ್ಕೆ ಮುಖ ಹೀಗಾಗಬೇಕಾ?" ಅಂತ ಪಕ್ಕದಲ್ಲಿದ್ದವಳು ಕೇಳಿದಳು. ಕ್ಯಾಬ್ ಹೇಗೂ ನಿಂತಿತ್ತಲ್ಲ, ಶುರು ಮಾಡಿದೆ.

ಸಾಗರದಲ್ಲಿ ನಮ್ಮ ಸೋದರಮಾವ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಟೈಪ್‌ರೈಟರ್ ಕಾಲ ಮುಗೀತು ಅಂತ ಅನ್ನಿಸಿದ ಮೇಲೆ ಮೂಲೆಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದಿಟ್ಟರು. ಅದಕ್ಕೊಂದು ಹೂವಿನ ಹೊದಿಕೆ, ಚಪ್ಪಲಿ ಹೊರಗೇ ಬಿಡಬೇಕೆಂಬ ಕಟ್ಟಳೆ. ಭಾನುವಾರ ಕ್ಲಾಸ್ ಇರುತ್ತಿರಲಿಲ್ಲ. ಅಮ್ಮ ಕೊಡುತ್ತಿದ್ದ ಪರ್ಮಿಷನ್ ಒಂದು ಗಂಟೆ. ಆಟದೊಳಗೆ ರಾಜಕುಮಾರನಿಗೆ ಇದ್ದದ್ದೂ ಅರವತ್ತೇ ನಿಮಿಷ. ಅಷ್ಟರಲ್ಲಿ ಜಾಫರ್ ಎಂಬ ಮಂತ್ರಿಯ ಸೆರೆಯಿಂದ ರಾಜಕುಮಾರಿಯನ್ನು ಬಿಡಿಸಬೇಕು. ಇದು ಅಮ್ಮನಿಗೆ ತಿಳಿದದ್ದೇ ತಡ, "ಅವನ ಟೈಮ್ ಮುಗಿದ್ರೆ ನಿಮ್ದೂ ಮುಗೀತು" ಅಂದುಬಿಟ್ಟಳು. ಆಮೇಲೆ ವಾದಕ್ಕೆ ಜಾಗವೇ ಇರಲಿಲ್ಲ.

ಇದ್ದದ್ದು ಒಂದು ಕೀಬೋರ್ಡ್, ನಾವು ಇಬ್ಬರು. ಬಾಣದ ಕೀಗಳು ತಮ್ಮನಿಗೆ, ಶಿಫ್ಟ್ ನನಗೆ. ಗೊತ್ತಿದ್ದವರಿಗೆ ನೆನಪಿರುತ್ತೆ, ಶಿಫ್ಟ್ ಒತ್ತಿದರೆ ಮಾತ್ರ ರಾಜಕುಮಾರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಅವನು ಹಾರಿಸಬೇಕು, ನಾನು ಹಿಡಿಯಬೇಕು. ನಾನು ಅರ್ಧ ಸೆಕೆಂಡ್ ತಡ ಮಾಡಿದರೆ ರಾಜಕುಮಾರ ಕೆಳಗಿನ ಮುಳ್ಳುಗಳ ಮೇಲೆ, ತಮ್ಮನ ಕೈ ನನ್ನ ಜಡೆಯ ಮೇಲೆ. ಇನ್‌ಸ್ಟಿಟ್ಯೂಟಿಗೆ ಬರುತ್ತಿದ್ದ ಹುಡುಗನೊಬ್ಬ ‘ಪ್ರಿನ್ಸ್ ಮೆಗಾಹಿಟ್’ ಅಂತ ಟೈಪ್ ಮಾಡಿ ಆಟ ಶುರು ಮಾಡಿದರೆ ಕಳ್ಳದಾರಿ ಸಿಗುತ್ತೆ ಎಂದು ಹೇಳಿಕೊಟ್ಟ ದಿನ, ನಮಗೆ ಬ್ರಹ್ಮವಿದ್ಯೆಯೇ ಸಿಕ್ಕಂತಾಗಿತ್ತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಈಗ ಕೇಳುವ ಪ್ರಶ್ನೆಯಲ್ಲಿ ನಾನು ತಟಸ್ಥಳಲ್ಲ. ಹೀಗೆ ಹತ್ತಾರು ವರ್ಷದಿಂದ ನಡೆದುಬಂದ ಆಟಗಳನ್ನು ಏನು ಮಾಡಬೇಕು? ಗೌರವದಿಂದ ನಿಲ್ಲಿಸಿಬಿಡಬೇಕಾ, ಅಥವಾ ಮತ್ತೆ ಮತ್ತೆ ಹೊಸದಾಗಿ ಕಟ್ಟಬೇಕಾ? ರಾಜಕುಮಾರನ ಜಾತಕ ಬಿಡಿಸಿದರೆ ಎರಡಕ್ಕೂ ಪುರಾವೆ ಸಿಗುತ್ತೆ.

ಮೊದಲ ಆಟ ಬಂದದ್ದು 1989ರಲ್ಲಿ, ಆ್ಯಪಲ್ 2 ಕಂಪ್ಯೂಟರಿಗೆ. ಬರೆದವನು ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ಯುವಕ, ಹೆಚ್ಚುಕಡಿಮೆ ಒಬ್ಬನೇ. ಆಟದೊಳಗಿನ ಮನುಷ್ಯ ನಿಜವಾದ ಮನುಷ್ಯನಂತೆ ಓಡಬೇಕು, ಎಡವಬೇಕು, ಜೋತುಬೀಳಬೇಕು ಅನ್ನೋದು ಅವನ ಹಟ. ಹಾಗಾಗಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ, ಪಾರ್ಕಿಂಗ್ ಜಾಗದಲ್ಲಿ ಓಡಿಸಿ ಹಾರಿಸಿ, ವಿಡಿಯೋ ತೆಗೆದ. ಆ ವಿಡಿಯೋದ ಒಂದೊಂದೇ ಚಿತ್ರವನ್ನು ನೋಡಿಕೊಂಡು ರಾಜಕುಮಾರನನ್ನು ತಿದ್ದಿದ. ಕತ್ತಿವರಸೆಗೆ 1938ರ ‘ರಾಬಿನ್ ಹುಡ್’ ಸಿನಿಮಾದ ದೃಶ್ಯವನ್ನು ಇದೇ ರೀತಿ ಬಳಸಿಕೊಂಡ. ಸಂಗೀತ ಅಪ್ಪನದು. ಅಂದರೆ ಅದು ಪೂರ್ತಿ ಮನೆಮಂದಿಯ ಪ್ರೊಡಕ್ಷನ್! ನಾವು ಅಕ್ಕ ತಮ್ಮ ಜಗಳವಾಡುತ್ತ ಓಡಿಸುತ್ತಿದ್ದದ್ದು ಇನ್ನೊಬ್ಬರ ಮನೆಯ ತಮ್ಮನನ್ನು ಅಂತ ಗೊತ್ತಾದಾಗ ನನಗೆ ಮೂವತ್ತು ದಾಟಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೆರಳಿನ ಕಥೆ. ಆ ಕಂಪ್ಯೂಟರಿನ ಮೆಮರಿ ಎಷ್ಟು ಚಿಕ್ಕದೆಂದರೆ, ಫ್ಯಾಮಿಲಿ ಗ್ರೂಪಿಗೆ ಬರುವ ಗುಡ್ ಮಾರ್ನಿಂಗ್ ಫೋಟೋ ಒಂದನ್ನು ಹಿಡಿಸುವುದೂ ಕಷ್ಟ. ಆಟದಲ್ಲಿ ಎದುರಾಳಿ ಬೇಕೇ ಬೇಕು ಅಂತ ಗೆಳತಿ ಟೋಮಿ ಪಿಯರ್ಸ್ ಹಿಂದೆ ಬಿದ್ದಿದ್ದಳು. ಆದರೆ ಇನ್ನೊಂದು ಪಾತ್ರದ ಚಿತ್ರಗಳನ್ನು ಇಡಲು ಜಾಗವೇ ಇಲ್ಲ. ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದಿಷ್ಟು ಪಕ್ಕಕ್ಕೆ ಸರಿಸಿ, ಅದರ ಮೇಲೆ ಅದನ್ನೇ ಹೇರಿ ಬಣ್ಣ ತಿರುವುಮುರುವು ಮಾಡಿದ. ಮಿನುಗುವ ನೆರಳೊಂದು ಎದ್ದು ನಿಂತಿತು. ಖರ್ಚಿಲ್ಲದೆ ವೈರಿ ಹುಟ್ಟಿದ! ಕನ್ನಡಿಯೊಳಗಿಂದ ಹಾರಿ ಬರುವ ಆ ನೆರಳು ಮುಂದೆ ನಮ್ಮ ಔಷಧಿ ಕುಡಿದು ಓಡುತ್ತೆ, ಬಾಗಿಲು ಹಾಕಿ ನಮ್ಮನ್ನು ಬೀಳಿಸುತ್ತೆ. ಕೊನೆಗೆ ಎದುರು ನಿಂತಾಗ ಅದಕ್ಕೆ ಹೊಡೆದರೆ ಪೆಟ್ಟು ಬೀಳೋದು ನಮಗೇ. ಕತ್ತಿ ಒಳಗಿಟ್ಟು ಅದರತ್ತ ನಡೆದರೆ ಇಬ್ಬರೂ ಒಂದಾಗುತ್ತಾರೆ. ಇದನ್ನು ಕಂಡುಹಿಡಿಯಲು ನಮಗೆ ಒಂದು ಪೂರ್ತಿ ಮಳೆಗಾಲ ಬೇಕಾಯಿತು.

ಆಮೇಲೆ 1993ರಲ್ಲಿ ಎರಡನೆಯದು, 1999ರಲ್ಲಿ ತ್ರೀಡಿ ಅವತಾರ. ತ್ರೀಡಿ ಸೋತಿತು, ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ಅಳುತ್ತಿರಲಿಲ್ಲ. ಆದರೆ ನಿಲ್ಲಿಸಲಿಲ್ಲ, ಸದ್ಯ.

2003ರಲ್ಲಿ ಯೂಬಿಸಾಫ್ಟ್‌ನ ಮಾಂಟ್ರಿಯಲ್ ತಂಡ ‘ಸ್ಯಾಂಡ್ಸ್ ಆಫ್ ಟೈಮ್’ ತಂದಿತು. ಕಥೆ ಮೆಕ್ನರ್‌ನದೇ. ಶುರುವಾಗೋದು ನಮ್ಮ ಭಾರತದಲ್ಲಿ, ಒಬ್ಬ ಮಹಾರಾಜನ ಅರಮನೆಗೆ ರಾಜಕುಮಾರನ ಅಪ್ಪನ ಸೈನ್ಯ ಮುತ್ತಿಗೆ ಹಾಕುವುದರಿಂದ. ನಾಯಕಿ ಫರಾ ಆ ಮಹಾರಾಜನ ಮಗಳು. ನಾನು ಪಿಯುಸಿಗೆ ಬಂದಾಗ ಮನೆಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಈ ಆಟವೂ ಬಂತು (ಸಿಡಿ ಎಲ್ಲಿಂದ ಅಂತ ಕೇಳಬೇಡಿ). ಇದರಲ್ಲಿ ಬಿದ್ದರೆ, ಸತ್ತರೆ, ಕಠಾರಿಯ ಬಟನ್ ಒತ್ತಿ ಕಾಲವನ್ನು ಕೆಲವು ಸೆಕೆಂಡ್ ಹಿಂದಕ್ಕೆ ತಿರುಗಿಸಬಹುದು. ಅದೂ ತಪ್ಪಿ ನಿಜವಾಗಿ ಸತ್ತರೆ, ಕಥೆ ಹೇಳುತ್ತಿರುವ ರಾಜಕುಮಾರ ತಾನೇ ತಪ್ಪು ಹೇಳಿದೆ ಅಂತ ತಿದ್ದಿಕೊಳ್ಳುತ್ತಾನೆ.

ಇದನ್ನು ನಾನು ಹೊಸ ಹುಟ್ಟು ಅಂತೀನಿ. ಹಳೆಯ ಆಟದಲ್ಲಿ ನಮ್ಮನ್ನು ಕಾಡುತ್ತಿದ್ದದ್ದು ಎರಡೇ: ಬೀಳುವ ಭಯ, ಓಡುವ ಗಡಿಯಾರ. ಹೊಸಬರು ಅವೆರಡನ್ನೂ ಹಿಡಿದು ಅಂಗಿ ಮಗುಚಿದ ಹಾಗೆ ಒಳಗನ್ನು ಹೊರಗೆ ಮಾಡಿದರು. ಪೇಟ, ಅರಮನೆ, ಮುಳ್ಳು ಇವನ್ನು ನಕಲು ಮಾಡುವುದು ಸುಲಭವಿತ್ತು. ಅವರು ನಕಲು ಮಾಡಿದ್ದು ಎದೆಬಡಿತವನ್ನು.

ಮುಂದಿನ ವರ್ಷವೇ ಒಂದು, ಅದರ ಮುಂದಿನ ವರ್ಷ ಇನ್ನೊಂದು. 2004ರ ಆಟದಲ್ಲಿ ನಮ್ಮ ಮುದ್ದು ರಾಜಕುಮಾರ ಸದಾ ಸಿಡುಕುವ ಕೋಪಿಷ್ಠ, ಹಿಂದೆ ಗಿಟಾರ್ ಕಿರುಚಾಟ. ಓಡುತ್ತಿರುವ ಸೀರಿಯಲ್‌ಗೆ ಟಿಆರ್‌ಪಿ ಬೇಕಾದಾಗ ಒಳ್ಳೇ ಸೊಸೆಯನ್ನು ರಾತ್ರೋರಾತ್ರಿ ಕೆಟ್ಟವಳನ್ನಾಗಿ ಮಾಡುತ್ತಾರಲ್ಲ, ಹಾಗೆ. ಮಾರಾಟವಾಗಿರಬಹುದು, ತಮ್ಮ ಇಷ್ಟಪಟ್ಟು ಆಡಿಯೂ ಆಡಿದ. ನಾನು ಅರ್ಧಕ್ಕೇ ಎದ್ದೆ.

ತಮಾಷೆ ನೋಡಿ. ಅದೇ ಹೊತ್ತಿಗೆ ಮಾಂಟ್ರಿಯಲ್‌ನಲ್ಲಿ ಪಾಟ್ರೀಸ್ ಡೆಸಿಲೆ ಮತ್ತು ತಂಡ ಮುಂದಿನ ಪ್ರಿನ್ಸ್ ಆಟ ಕಟ್ಟಲು ಕೂತಿದ್ದರು. ಕಟ್ಟುತ್ತ ಕಟ್ಟುತ್ತ ರಾಜಕುಮಾರನಿಗಿಂತ ಅವನನ್ನು ಕಾಯುವ ಹಂತಕನೇ ಮುಖ್ಯನಾಗಿಬಿಟ್ಟ. ಇದು ಪ್ರಿನ್ಸ್ ಅಲ್ಲ ಅನ್ನಿಸಿದಾಗ ಹೆಸರನ್ನೇ ಬಿಟ್ಟರು. 2007ರಲ್ಲಿ ಅದು ‘ಅಸ್ಯಾಸಿನ್ಸ್ ಕ್ರೀಡ್’ ಆಗಿ ಬಂತು. ಇವತ್ತು ಆ ಕಂಪನಿಯ ಮನೆ ನಡೆಯೋದು ಹೆಚ್ಚಾಗಿ ಆ ದತ್ತುಪುತ್ರನಿಂದಲೇ. ಹಳೇ ಹೆಸರನ್ನೇ ಹಿಡಿದುಕೊಂಡಿದ್ದರೆ ಅವನು ಹುಟ್ಟುತ್ತಲೇ ಇರಲಿಲ್ಲ. (ಈಗ ಅವನೂ ಹತ್ತಕ್ಕಿಂತ ಹೆಚ್ಚು ಆಟ ಮುಗಿಸಿ ಮುದುಕನಾಗುತ್ತಿದ್ದಾನೆ ಅನ್ನೋದು ಬೇರೆ ಮಾತು.)

ಈಗ ನೋವಿನ ಭಾಗ. 2020ರ ಸೆಪ್ಟೆಂಬರ್‌ನಲ್ಲಿ ‘ಸ್ಯಾಂಡ್ಸ್ ಆಫ್ ಟೈಮ್’ ರೀಮೇಕ್ ಘೋಷಣೆಯಾದಾಗ ಅದರ ಮುಂದಾಳತ್ವ ಪುಣೆ ಮತ್ತು ಮುಂಬೈ ಸ್ಟುಡಿಯೋಗಳದ್ದು. ಭಾರತದಿಂದ ಶುರುವಾಗುವ ಕಥೆಯನ್ನು ಭಾರತದಲ್ಲೇ ಮತ್ತೆ ಕಟ್ಟುತ್ತಿದ್ದಾರೆ ಅಂತ ನಾನೂ ತಮ್ಮನೂ ಲಾಕ್‌ಡೌನ್‌ನಲ್ಲಿ ಕುಣಿದಿದ್ದೆವು. ಟ್ರೇಲರ್ ಬಂತು. ಗ್ರಾಫಿಕ್ಸ್ ಹಳೇ ಕಾಲದ ಹಾಗಿದೆ ಅಂತ ಜಗತ್ತೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರಲ್ಲಿ ನಾವೂ ಇದ್ದೆವು. ಮೀಮ್ ಒಂದನ್ನು ನಾನೇ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡಿದೆ. 2021ರ ಜನವರಿಗೆ ಬರಬೇಕಾದದ್ದು ಮುಂದೆ ಹೋಯಿತು, ಮತ್ತೆ ಹೋಯಿತು. 2022ರಲ್ಲಿ ಕೆಲಸವನ್ನೇ ಮಾಂಟ್ರಿಯಲ್‌ಗೆ ಕೊಟ್ಟರು.

ಆ ಫಾರ್ವರ್ಡ್ ನೆನೆದರೆ ಈಗಲೂ ಒಂಥರಾ ಆಗುತ್ತೆ. ಯಾಕೆಂದರೆ ನನ್ನ ಹೊಟ್ಟೆಪಾಡೂ ಅದೇ: ಬೇರೆಯವರು ಬರೆದಿಟ್ಟ ಹಳೇ ಸಾಫ್ಟ್‌ವೇರನ್ನು ಹೊಸದಾಗಿ ಬರೆಯುವುದು. ಈ ಕೆಲಸ ಮಾಡಿದವರಿಗೆ ಗೊತ್ತು. ಕಸ್ಟಮರ್‌ಗೆ ಎಲ್ಲ ಹೊಸದಾಗಬೇಕು, ಆದರೆ ಏನೂ ಬದಲಾಗಬಾರದು. ಹಳೆಯದರ ಬಗ್ ಕೂಡ ಹಾಗೇ ಇರಬೇಕು, ಅವರ ಬೆರಳಿಗೆ ಅದು ಅಭ್ಯಾಸವಾಗಿರುತ್ತೆ. ರೀಮೇಕ್ ಮಾಡುವವರು ಹಳೆಯ ಆಟದ ಜೊತೆ ಪೈಪೋಟಿ ಮಾಡೋದಲ್ಲ, ಹದಿನಾರು ವರ್ಷದ ನಾನು ಆವತ್ತು ನೋಡಿದ್ದೇನೆ ಅಂದುಕೊಂಡಿರುವ ಆಟದ ಜೊತೆ ಮಾಡಬೇಕು. ಅದನ್ನು ಪುಣೆಯವರು ಗೆಲ್ಲಬೇಕಿತ್ತಾ? ಮಾಂಟ್ರಿಯಲ್‌ನವರಿಗೂ ಆಗಲಿಲ್ಲ.

ಹಾಗಂತ ಹೊಸ ಹುಟ್ಟು ಅಸಾಧ್ಯ ಅಂತೇನಿಲ್ಲ. 2024ರ ಜನವರಿಯಲ್ಲಿ ‘ದಿ ಲಾಸ್ಟ್ ಕ್ರೌನ್’ ಬಂತು. ಫ್ರಾನ್ಸ್‌ನ ಮಾಂಪೆಲಿಯೆ ತಂಡದ್ದು. ಇದರಲ್ಲಿ ನಾಯಕ ರಾಜಕುಮಾರನೇ ಅಲ್ಲ, ಅವನನ್ನು ಹುಡುಕಿ ಹೊರಟ ಸರ್ಗೋನ್ ಎಂಬ ಯೋಧ. ಮತ್ತೆ ಪಕ್ಕದಿಂದ ನೋಡುವ ಆಟ, ಮತ್ತೆ ಬೀಳುವ ಭಯ. ದಾರಿ ಸಿಗದ ಜಾಗದ ಫೋಟೋ ತೆಗೆದು ನಕ್ಷೆಗೆ ಅಂಟಿಸಿಕೊಳ್ಳುವ ಸೌಲಭ್ಯ ನೋಡಿ, ಇದನ್ನು ಯಾರೂ ಇಷ್ಟು ದಿನ ಯಾಕೆ ಮಾಡಲಿಲ್ಲ ಅನ್ನಿಸಿತು. ವಿಮರ್ಶಕರು ಹೊಗಳಿದರು. ಮಾರಾಟ ಮಾತ್ರ ಕಂಪನಿ ಎಣಿಸಿದಷ್ಟು ಆಗಲಿಲ್ಲ, ವರ್ಷ ಮುಗಿಯುವುದರೊಳಗೆ ತಂಡವನ್ನು ಬೇರೆ ಬೇರೆ ಕೆಲಸಗಳಿಗೆ ಚದುರಿಸಿದರು.

ಇಲ್ಲೇ ನನಗೂ ತಮ್ಮನಿಗೂ ಜಗಳ. ನನ್ನ ವಾದ: ಹೆಸರಿಗೆ ರಿಟೈರ್‌ಮೆಂಟ್ ಕೊಡಿ. ಹೇಳುವುದಕ್ಕೆ ಹೊಸ ಮಾತಿದ್ದವರು ಹೊಸ ಹೆಸರಲ್ಲೇ ಹೇಳಲಿ, ಹಂತಕ ಹೇಳಲಿಲ್ಲವಾ? ತಮ್ಮ ಹೇಳ್ತಾನೆ, "ಹಂಗಂದ್ರೆ ಪಂಪ ಬರೆದಾದ ಮೇಲೆ ಕುಮಾರವ್ಯಾಸ ಸುಮ್ನೆ ಕೂರಬೇಕಿತ್ತಾ? ಭೈರಪ್ಪ ಪರ್ವ ಬರೀಬಾರದಿತ್ತಾ?" ಮಾತು ಸರಿಯೇ. ಆದರೆ ಮಹಾಭಾರತ ಯಾರೊಬ್ಬರ ಕಂಪನಿಯ ಸೊತ್ತಲ್ಲ ಕಣೋ, ಅಂದೆ. ಪಂಪನಿಗೆ ಅರ್ಜುನ ಬೇಕಿದ್ದ, ರನ್ನನಿಗೆ ಭೀಮ ಬೇಕಿದ್ದ. ಬೇಕಾದವರು ಬೇಕಾದಾಗ ತೆಗೆದುಕೊಂಡರು. ಹೊಸದು ಬಂತು ಅಂತ ಯಾರೂ ಹಳೆಯದನ್ನು ಕಪಾಟಿನಿಂದ ಎತ್ತಿಡಲಿಲ್ಲ.

ಕಂಪನಿಗಳು ಎತ್ತಿಡುತ್ತವೆ. ನಿಮ್ಮ ಫೋನಿನದೇ ಉದಾಹರಣೆ ಹೇಳ್ತೀನಿ. 2009ರ ‘ಆಂಗ್ರಿ ಬರ್ಡ್ಸ್’ ಯಾರು ಆಡಿಲ್ಲ? ಅದನ್ನು ತೆಗೆದುಹಾಕಿದ್ದರು. ಅಭಿಮಾನಿಗಳು ಕೇಳಿದ ಮೇಲೆ 2022ರಲ್ಲಿ ಹಳೇ ರೂಪದಲ್ಲೇ ಮತ್ತೆ ಕಟ್ಟಿ ಕೊಟ್ಟರು. ಒಂದು ವರ್ಷವೂ ಆಗಿರಲಿಲ್ಲ, 2023ರ ಫೆಬ್ರವರಿಯಲ್ಲಿ ಗೂಗಲ್ ಪ್ಲೇಯಿಂದ ಮತ್ತೆ ತೆಗೆದರು. ತಮ್ಮ ಬೇರೆ ಆಟಗಳ ವ್ಯವಹಾರದ ಮೇಲೆ ಅದು ಪರಿಣಾಮ ಬೀರುತ್ತಿದೆ ಅಂತ ಕಾರಣ. ಹಳೆಯದು ಚೆನ್ನಾಗಿದ್ದದ್ದೇ ತಪ್ಪಾಯಿತು! ಇದನ್ನು ರಿಟೈರ್‌ಮೆಂಟ್ ಅನ್ನೋದಿಲ್ಲ. ರಿಟೈರ್ ಆದ ಅಜ್ಜ ಜಗಲಿಯಲ್ಲಿ ಕೂತಿರಬೇಕು, ಬೇಕಾದವರು ಹೋಗಿ ಮಾತಾಡಿಸುವ ಹಾಗಿರಬೇಕು.

ಮೆಕ್ನರ್ ವಿಷಯದಲ್ಲಿ ಹಾಗಾಯಿತು. ಮೊದಲ ಆಟದ ಮೂಲ ಕೋಡ್ ಕಳೆದೇ ಹೋಗಿದೆ ಅಂದುಕೊಂಡಿದ್ದ. 2012ರಲ್ಲಿ ಅವನ ಅಪ್ಪನಿಗೆ ಮನೆಯ ಕಪಾಟಿನಲ್ಲಿ ಹಳೆಯ ಡಿಸ್ಕುಗಳ ಡಬ್ಬ ಸಿಕ್ಕಿತು. ತಿಳಿದವರನ್ನು ಕೂರಿಸಿ ಅವುಗಳಿಂದ ಕೋಡ್ ಹೊರತೆಗೆಸಿ, ಯಾರು ಬೇಕಾದರೂ ನೋಡಲಿ ಅಂತ ಇಂಟರ್ನೆಟ್ಟಿಗೆ ಹಾಕಿಬಿಟ್ಟ. ನಾನೂ ತೆರೆದು ನೋಡಿದ್ದೀನಿ. ಅರ್ಥವಾದದ್ದು ಕಡಿಮೆ, ಖುಷಿ ಜಾಸ್ತಿ.

ತಮ್ಮನ ಇನ್ನೊಂದು ಮಾತಿಗೆ ಮಾತ್ರ ನನ್ನ ಬಳಿ ಉತ್ತರ ಇಲ್ಲ. "ಹೊಸ ಹೆಸರಿಗೆ ದುಡ್ಡು ಹಾಕೋರು ಯಾರು ಅಕ್ಕಾ? ನೀನೇ ಕಳೆದ ಮೂರು ವರ್ಷದಲ್ಲಿ ಹೊಸ ಹೆಸರಿನ ಎಷ್ಟು ಗೇಮ್ ತಗೊಂಡಿದ್ದಿ?" ಎಣಿಸಿದೆ. ಒಂದೂ ಇಲ್ಲ.

ಏಪ್ರಿಲ್‌ನಲ್ಲಿ ಅವನು ಊರಿಗೆ ಬಂದಿದ್ದ. ರೀಮೇಕ್ ಬಂದಾಗ ಜೊತೆಗೇ ಆಡೋಣ ಅಂತ ಆರು ವರ್ಷದಿಂದ ಹೇಳಿಕೊಂಡು ಬಂದಿದ್ದೆವು. ಮಾವನ ಇನ್‌ಸ್ಟಿಟ್ಯೂಟ್ ಈಗ ಮೊಬೈಲ್ ಅಂಗಡಿ. ಅಮ್ಮನ ಮನೆಯ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟು, ಬ್ರೌಸರ್‌ನಲ್ಲೇ ಆಡಲು ಸಿಗುವ ಹಳೇ ಡಾಸ್ ಆಟ ಹಾಕಿದೆವು. ಬಾಣ ಅವನಿಗೆ, ಶಿಫ್ಟ್ ನನಗೆ. ಮೂರನೇ ಲೆವೆಲ್‌ನಲ್ಲಿ ಉದ್ದ ಹಾರಿಸಿದ. ನಾನು ಒತ್ತಿದೆ ಅಂತಲೇ ಅಂದುಕೊಂಡಿದ್ದೆ.

"ಈಗ್ಲೂ ಲೇಟೇ ನೀನು" ಅಂದ.

ಅಡುಗೆಮನೆಯಿಂದ ಅಮ್ಮ ಕೇಳಿದಳು, "ಇನ್ನೂ ಎಷ್ಟು ನಿಮಿಷ ಇದೆಯೋ ಅವನಿಗೆ?"

ನಲವತ್ತೊಂದು ಇತ್ತು.