ಕೋವಿ ಸರಿ, ತೋಟಾ ಸರಿಯೇ?

ಆಯುಧಪೂಜೆಯ ದಿನ ನಮ್ಮಲ್ಲಿ ಬಹುಮಂದಿ ಕೋವಿಯನ್ನು ಒರೆಸಿ, ನಳಿಗೆಗೆ ಎಣ್ಣೆ ಸವರಿ, ಕುಂಕುಮವಿಟ್ಟು, ಕತ್ತಿ ಗುದ್ದಲಿ ಸ್ಪ್ರೇಯರುಗಳ ಪಕ್ಕದಲ್ಲಿ ನಿಲ್ಲಿಸಿ ಕೈಮುಗಿಯುತ್ತೇವೆ. ನೆರೆಯ ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುವ ಪದ್ಧತಿ ಉಂಟು. ಒಳ್ಳೆಯ ಸಂಪ್ರದಾಯ, ವರ್ಷಕ್ಕೊಮ್ಮೆಯಾದರೂ ಕೋವಿ ಗೋಡೆಯಿಂದ ಕೆಳಗಿಳಿಯುತ್ತದೆ. ಆದರೆ ಅದೇ ದಿನ ತೋಟಾ ಇಟ್ಟ ಡಬ್ಬಿಯ ಮುಚ್ಚಳ ತೆಗೆದು ನೋಡುವವರು ಎಷ್ಟು ಮಂದಿ ಎಂಬುದು ನಮ್ಮ ಪ್ರಶ್ನೆ.

ಇದನ್ನು ಬೇರೆಯವರನ್ನು ದೂರುವುದಕ್ಕಾಗಿ ಬರೆಯುತ್ತಿಲ್ಲ. ತಪ್ಪು ನಡೆದದ್ದು ನಮ್ಮ ಮನೆಯಲ್ಲೇ. ಕೆಲವು ವರ್ಷಗಳ ಹಿಂದೆ ಶ್ರಾವಣದ ಜಡಿಮಳೆಯಲ್ಲಿ ಯಾರೋ ಒಡ್ಡಿದ ಉರುಳಿಗೆ ಸಿಕ್ಕಿ ಗಾಯಗೊಂಡಿದ್ದ ಕಾಡುಹಂದಿಯೊಂದು ನಮ್ಮ ಹಳ್ಳದಂಚಿನ ಅಡಿಕೆ ತೋಟದಲ್ಲಿ ಬಿದ್ದುಕೊಂಡಿತ್ತು. ನಮಗೆ ಅದು ತಿಳಿದಿರಲಿಲ್ಲ. ನಾಯಿ ಬೊಗಳಿದ ಕಡೆಗೆ ಹೋದ ನಮ್ಮ ಮೇಸ್ತ್ರಿಯ ಮೇಲೆ ಅದು ಏಕಾಏಕಿ ನುಗ್ಗಿತು. ಹಿಂದೆಯೇ ಇದ್ದ ನಾವು ಜೋಡಿ ನಳಿಗೆ ಕೋವಿ ಎತ್ತಿ ಬಲಗಡೆಯ ಟ್ರಿಗರ್ ಎಳೆದೆವು. ಟಕ್ಕೆಂದಿತೇ ಹೊರತು ಈಡು ಹಾರಲಿಲ್ಲ. ಎಡಗಡೆಯದೂ ಅಷ್ಟೆ. ಹಂದಿ ಮೇಸ್ತ್ರಿಯ ತೊಡೆ ಸೀಳಿ ಕಾಫಿ ಗಿಡಗಳ ನಡುವೆ ಮರೆಯಾಯಿತು. ಆತ ಬದುಕಿದ್ದು ನಮ್ಮ ಪುಣ್ಯ. "ಅಯ್ಯಾ, ಅವತ್ತು ಕೋವಿ ಬದಲು ಒಂದು ದೊಣ್ಣೆ ತಂದಿದ್ದರೂ ಆಗ್ತಿತ್ತು" ಎಂದು ಇಂದಿಗೂ ಹೇಳುತ್ತಾನೆ. ಅದಕ್ಕೆ ನಮ್ಮ ಬಳಿ ಉತ್ತರವಿಲ್ಲ.

ಆಮೇಲೆ ನೋಡಿದಾಗ ಎರಡು ತೋಟಾದ ಕೇಪಿನ ಮೇಲೂ ಪಿನ್ನು ಬಲವಾಗಿ ಹೊಡೆದ ಗುರುತಿತ್ತು. ಕೋವಿ ತನ್ನ ಕೆಲಸ ಮಾಡಿತ್ತು, ಸತ್ತಿದ್ದುದು ತೋಟಾ. ಅವು ತೀರ್ಥರೂಪರ ಕಾಲದಲ್ಲಿ ಕೊಂಡವು. ಮಳೆಗಾಲದ ತೇವ ತಾಗದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆವು. ಬೂಸಲು ಕಂಡಾಗ ಅಡಿಕೆಯ ಜೊತೆಗೇ ಅಂಗಳದ ಬಿಸಿಲಿಗೂ ಹಾಕಿದ್ದುಂಟು. ಕೋವಿಗೆ ಹಾಕುವ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದಲೇ ಅವುಗಳನ್ನೂ ಒರೆಸಿದ್ದೆವು. ಒಳ್ಳೆಯದೆಂದು ಮಾಡಿದ ಈ ಮೂರು ಕೆಲಸಗಳೂ ತೋಟಾಕ್ಕೆ ವಿಷ. ತೇವದಂತೆಯೇ ಕಾವು ಕೂಡ ಮದ್ದನ್ನು ಕೆಡಿಸುತ್ತದೆ. ಎಣ್ಣೆ ಕೇಪಿನ ಅಂಚಿನಿಂದ ಒಳಗಿಳಿದು ಅದರ ಕಿಡಿಯನ್ನೇ ಕೊಲ್ಲುತ್ತದೆ. ತೋಟಾ ಇರಬೇಕಾದುದು ಮನೆಯ ತಂಪಾದ, ಒಣಗಿದ, ಬೀಗವಿರುವ ಕಡೆಯಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ.

ನಮ್ಮ ಅಭಿಪ್ರಾಯ ಇಷ್ಟೆ: ಡಬ್ಬಿ ತುಂಬ ಹಳೆಯ, ತರಹೇವಾರಿ ತೋಟಾ ಇಟ್ಟುಕೊಳ್ಳುವುದಕ್ಕಿಂತ ಒಂದೇ ಬಗೆಯ, ಹೊಸದಾದ, ನಮ್ಮದೇ ಕೋವಿಯಲ್ಲಿ ಹಾರಿಸಿ ನೋಡಿದ ಕೆಲವೇ ತೋಟಾ ಇಟ್ಟುಕೊಳ್ಳುವುದು ಲೇಸು.

ಇದಕ್ಕೆ ಬರುವ ಆಕ್ಷೇಪ ನಮಗೆ ಗೊತ್ತು. ತೋಟಾ ದುಬಾರಿ, ಲೈಸೆನ್ಸಿನಲ್ಲಿ ಬರೆದುಕೊಟ್ಟ ಸಂಖ್ಯೆ ಕಡಿಮೆ, ಅಂಗಡಿ ಇರುವುದು ದೂರದ ಪಟ್ಟಣದಲ್ಲಿ. ಇದ್ದುದನ್ನು ಬಿಡುವುದು ಹೇಗೆ? ಎರಡು ಎಕರೆಯ ಬೆಳೆಗಾರನ ಈ ಮಾತು ಸುಳ್ಳಲ್ಲ. ಆದರೆ ಸಂಖ್ಯೆ ಕಡಿಮೆ ಇದೆ ಎಂಬುದೇ ಪ್ರತಿಯೊಂದೂ ಸರಿಯಿರಬೇಕು ಎನ್ನುವುದಕ್ಕೆ ಕಾರಣ. ನಮ್ಮ ಡಬ್ಬಿಯಲ್ಲಿ ಅಂದು ಹದಿನಾಲ್ಕು ತೋಟಾ ಇದ್ದವು. ಲೆಕ್ಕಕ್ಕೆ ಹದಿನಾಲ್ಕು, ಸಮಯಕ್ಕೆ ಒಂದೂ ಇಲ್ಲ.

ಕೊಳ್ಳುವಾಗ ಗಮನಿಸಬೇಕಾದ ಕೆಲವು ಸಂಗತಿಗಳನ್ನು ಸದಸ್ಯರ ಅವಗಾಹನೆಗೆ ತರುತ್ತೇವೆ. ನಮ್ಮಲ್ಲಿ ಹೆಚ್ಚಾಗಿರುವುದು ಹನ್ನೆರಡು ಬೋರಿನ ಕೋವಿ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುತ್ತವೆ ಎಂಬುದೇ ಆ ಹೆಸರಿನ ಮೂಲ. ಬೋರು ಒಂದೇ ಆದರೂ ತೋಟಾದ ಉದ್ದ ಒಂದೇ ಅಲ್ಲ. ಹಿರಿಯರಿಂದ ಬಂದ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಮನೆ ಹಲವಕ್ಕೆ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಈಗ ಸಿಗುವ ತೋಟಾಗಳಲ್ಲಿ ಅನೇಕವು 70 ಮಿ.ಮೀ. ಉದ್ದದವು. ಈ ಅಳತೆ ತೋಟಾ ಹಾರಿ, ಅದರ ಬಾಯಿ ಬಿಚ್ಚಿಕೊಂಡ ಮೇಲಿನದು. ಆದ್ದರಿಂದ ಹಾರದ 70ರ ತೋಟಾ 65ರ ಮನೆಯಲ್ಲಿ ಸಲೀಸಾಗಿ ಕೂರುತ್ತದೆ. ಹಾರಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. "ಹಿಡಿಸಿತು, ಆದ್ದರಿಂದ ಸರಿ" ಎಂಬ ತರ್ಕ ಇಲ್ಲಿ ಅಪಾಯಕಾರಿ. ನಳಿಗೆಯ ಮೇಲೆ ಹಾವಿನ ಮೈಯಂತೆ ಸುರುಳಿ ಗೆರೆಗಳಿರುವ ಡಮಾಸ್ಕಸ್ ಕೋವಿಗಳು ಬಹುಪಾಲು ಕರಿಮದ್ದಿನ ಕಾಲದವು. ಅವುಗಳಿಗೆ ಇಂದಿನ ತೋಟಾ ಹಾಕುವ ಮೊದಲು ಬಲ್ಲ ಗನ್‌ಸ್ಮಿತ್‌ಗೆ ತೋರಿಸದೇ ಇರಬಾರದು.

ಇಪ್ಪತ್ತು ಬೋರಿನ ತೋಟಾವನ್ನು ಹನ್ನೆರಡರ ಡಬ್ಬಿಯಲ್ಲಿ ಬೆರೆಸಬಾರದು. ಅದು ಹನ್ನೆರಡರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಎಂದುಕೊಂಡು ಹಿಂದಿನಿಂದ ಹನ್ನೆರಡರದನ್ನು ತುಂಬಿ ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. ಬಹಳಷ್ಟು ತಯಾರಕರು ಇಪ್ಪತ್ತರದಕ್ಕೆ ಹಳದಿ ಬಣ್ಣ ಕೊಡುವುದು ಈ ಕಾರಣಕ್ಕೆ. ಮನೆಯಲ್ಲೇ ಮದ್ದು ತುಂಬಿದ ತೋಟಾದ ಗೊಡವೆಯೂ ಬೇಡ. ಅದು ಕೈಗೂ ಕೇಡು, ಕಾನೂನಿಗೂ ವಿರುದ್ಧ.

ಇನ್ನು ಚರೆಯ ಆಯ್ಕೆ. ಎಲ್.ಜಿ. ಚರೆ ಸುಮಾರು 9 ಮಿ.ಮೀ., ಎಸ್.ಜಿ. 8ಕ್ಕಿಂತ ತುಸು ಹೆಚ್ಚು. ನಂಬರು ಏರಿದಂತೆ ಚರೆ ಸಣ್ಣದಾಗುತ್ತದೆ. ದೊಡ್ಡದೇ ಒಳ್ಳೆಯದೆಂದು ಎಲ್ಲರೂ ಎಲ್.ಜಿ. ಕೇಳುತ್ತಾರೆ. ಆರನೇ ನಂಬರಿನ ಚರೆ ಇನ್ನೂರು ಮೀಟರಿನ ಆಸುಪಾಸಿನಲ್ಲಿ ನೆಲ ಕಂಡರೆ, ಎಸ್.ಜಿ. ಚರೆ ಆರುನೂರು ಮೀಟರಿಗೂ ಆಚೆ ಹೋಗಬಲ್ಲದು. ಕಾಫಿ ಗಿಡದ ಹಿಂದೆ ಲೈನು ಮನೆ ಇರುತ್ತದೆ, ಹಣ್ಣು ಕೊಯ್ಯುವ ಹೆಂಗಸರಿರುತ್ತಾರೆ, ಶಾಲೆಗೆ ಹೋಗುವ ಮಕ್ಕಳ ಕಾಲುದಾರಿ ಇರುತ್ತದೆ. ಗುರಿಯ ಹಿಂದೆ ಏನಿದೆ ಎಂಬುದು ಗೊತ್ತಿಲ್ಲದ ಕಡೆ ಯಾವ ನಂಬರೂ ಸರಿಯಲ್ಲ.

ರಿವಾಲ್ವರ್ ಲೈಸೆನ್ಸಿರುವ ಕೆಲವು ಸದಸ್ಯರು "ದೊಡ್ಡ ಬೋರಿನದಾದರೆ ಒಂದೇ ಈಡು ಸಾಕಲ್ಲವೇ?" ಎಂದು ಕೇಳುತ್ತಾರೆ. ಹಾರದ ದೊಡ್ಡ ಗುಂಡಿಗಿಂತ ಹಾರುವ ಚಿಕ್ಕ ಗುಂಡು ಮೇಲು ಎಂಬುದೇ ನಮ್ಮ ಉತ್ತರ. ರಿವಾಲ್ವರಿನಲ್ಲಿ ಒಂದು ಸತ್ತರೆ ಟ್ರಿಗರ್ ಮತ್ತೆ ಎಳೆದಾಗ ಮುಂದಿನದು ತಾನಾಗಿ ಬರುತ್ತದೆ. ಪಿಸ್ತೂಲಿನಲ್ಲಿ ಕೈಯಿಂದ ಎಳೆದು ಹೊರಹಾಕಬೇಕು. ಆ ಹೊತ್ತು ಸಿಗುವುದಿಲ್ಲ. ಆದ್ದರಿಂದ ಪಿಸ್ತೂಲು ಇರುವವರು ತೋಟಾದ ಬಗ್ಗೆ ಇನ್ನೂ ಕಟ್ಟುನಿಟ್ಟಾಗಿರಬೇಕು. ಗುಂಡಿನ ಮೂತಿಯ ಆಕಾರ ಬದಲಾದರೂ ಕೆಲವು ಪಿಸ್ತೂಲುಗಳು ಅದನ್ನು ಒಳಗೆ ತೆಗೆದುಕೊಳ್ಳದೆ ಸಿಕ್ಕಿಸಿಕೊಳ್ಳುತ್ತವೆ. ಸೊಂಟದಲ್ಲಿ ದಿನವೂ ಬೆವರು, ಎಣ್ಣೆ ಕುಡಿದ ತೋಟಾವನ್ನು ನಂಬಬಾರದು. ಒಂದೇ ತೋಟಾವನ್ನು ಬೆಳಿಗ್ಗೆ ತುಂಬಿ ಸಂಜೆ ತೆಗೆಯುವ ಅಭ್ಯಾಸವಿದ್ದರೆ ಗುಂಡು ಕ್ರಮೇಣ ಚಿಪ್ಪಿನೊಳಕ್ಕೆ ಒತ್ತಿಕೊಳ್ಳುತ್ತದೆ. ಹಾರಿಸಿದಾಗ ಒತ್ತಡ ಮಿತಿಮೀರುತ್ತದೆ.

ನಾವು ಅಂದು ಮಾಡಿದ ಮತ್ತೊಂದು ತಪ್ಪನ್ನೂ ಹೇಳಬೇಕು. ಈಡು ಹಾರದೇ ಹೋದಾಗ ಗಾಬರಿಯಲ್ಲಿ ಕೂಡಲೇ ಕೋವಿ ಮುರಿದು ನೋಡಿದೆವು. ಕೆಲವು ತೋಟಾ ತಡವಾಗಿ ಹಾರುವುದುಂಟು. ಅಪಾಯ ಎದುರಿಗಿಲ್ಲದಾಗ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಸದ್ದು ಮಾತ್ರ ಮೆಲ್ಲಗೆ ಬಂದು ಚರೆ ಹೊರಬಿದ್ದಂತೆ ಕಾಣದಿದ್ದರೆ, ತೋಟಾ ತೆಗೆದು ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡದೆ ಎರಡನೆಯದನ್ನು ಹಾಕಬಾರದು.

ಕಾನೂನಿನ ಮಾತನ್ನೂ ಮರೆಯಬಾರದು. ತನ್ನ ಅಥವಾ ಪರರ ಪ್ರಾಣ ಉಳಿಸಲು ಸದ್ಭಾವನೆಯಿಂದ ವನ್ಯಮೃಗವನ್ನು ಕೊಂದರೆ ಅಪರಾಧವಲ್ಲವೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 11ನೇ ಕಲಮು ಹೇಳುತ್ತದೆ. ಬೆಳೆ ಹಾಳಾಯಿತೆಂಬ ಸಿಟ್ಟಿಗೆ ಈ ರಕ್ಷಣೆ ಇಲ್ಲ. ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. "ಬೆಳೆ ರಕ್ಷಣೆ" ಎಂದು ಲೈಸೆನ್ಸಿನಲ್ಲಿ ಬರೆದ ಮಾತ್ರಕ್ಕೆ ಆ ಅನುಮತಿ ಸಿಕ್ಕಂತಲ್ಲ.

ಕೊನೆಯದಾಗಿ ಒಂದು ಸಲಹೆ. ಚುನಾವಣೆಯ ಹೊತ್ತಿಗೆ ಠೇವಣಿಯಿಟ್ಟ ಕೋವಿ ಮರಳಿ ಬಂದಾಗ ನಳಿಗೆಯ ತುಕ್ಕನ್ನು ನೋಡಿ ನಾವೆಲ್ಲ ಗೊಣಗುತ್ತೇವೆ. ಅಷ್ಟೇ ಶ್ರದ್ಧೆ ತೋಟಾದ ಮೇಲೂ ಇರಲಿ. ಈ ಸಲ ಆಯುಧಪೂಜೆಗೆ ಮುಂಚೆ ಡಬ್ಬಿ ತೆರೆದು ನೋಡಿ. ಚಿಪ್ಪು ಉಬ್ಬಿದ್ದರೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದರೆ, ಯಾವಾಗ ಕೊಂಡದ್ದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಅವನ್ನು ಬೇರೆ ತೆಗೆದಿಡಿ. ಒಲೆಗೂ ಬಾವಿಗೂ ಎಸೆಯದೆ ಲೈಸೆನ್ಸುದಾರ ಅಂಗಡಿಯವರನ್ನೋ ಠಾಣೆಯನ್ನೋ ಕೇಳಿ ಒಪ್ಪಿಸಿ, ಲೆಕ್ಕ ಬರೆಸಿಕೊಳ್ಳಿ. ಹೊಸದರ ಡಬ್ಬಿಯ ಮೇಲೆ ಕೊಂಡ ತಿಂಗಳು, ವರ್ಷ ಬರೆದಿಡಿ. ಮಳೆಗಾಲ ಮುಗಿದ ಮೇಲೆ ಬಲ್ಲ ಗನ್‌ಸ್ಮಿತ್ ಒಬ್ಬರನ್ನು ಸಂಘದ ಕಚೇರಿಗೆ ಕರೆಸಿ, ಸದಸ್ಯರ ಕೋವಿಗಳ ಅಳತೆ ನೋಡಿಸಿ, ಯಾವುದಕ್ಕೆ ಯಾವ ತೋಟಾ ಎಂಬುದನ್ನು ಬರೆದುಕೊಡುವ ಏರ್ಪಾಡಿನ ಬಗ್ಗೆ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಪ್ರಸ್ತಾಪಿಸಲಿದ್ದೇವೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.

ಕೋವಿ ಹೆಗಲ ಮೇಲಿದೆ ಎಂಬ ಧೈರ್ಯದಿಂದ ನಮ್ಮ ಮುಂದೆ ನಡೆಯುವವನು ಆಳು. ಆ ಧೈರ್ಯ ಸುಳ್ಳಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.